ನೀರು ಸುರಿಯುವ ಒಣಗಣ್ಣು



ಕಳೆದ ಸಂಚಿಕೆಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ವಿಚಾರ ಬರೆದು, ಮುಂದಿನ ಸಲ ಹಪ್ಪಳ ಸಂಡಿಗೆ ಅಂತ ನಿಮಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ, ಬೇಸರಿಸಬೇಡಿ. ಬಿಸಿಲು ಇನ್ನೂ ಇದೆ, ಹಪ್ಪಳ ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಮೊದಲು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಹೇಳಲೋ ಬೇಡವೋ ಅಂತ ಎರಡು ತಿಂಗಳು ಯೋಚಿಸಿದ್ದೆ. ಅಕ್ಕನೇ, "ಬರಿಯೇ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಳು.

ಅಕ್ಕನಿಗೆ ಐವತ್ತೆರಡು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಹೋದ ವರ್ಷ ಅಡಿಕೆ ಕೊಯ್ಲಿನ ಕಾಲದಲ್ಲಿ ಅವಳ ಎರಡೂ ಕಣ್ಣಿನಿಂದ ನೀರು ಸುರಿಯಲು ಶುರುವಾಯಿತು. ನಮ್ಮ ಉಬ್ರಾಣಿ ಸೀಮೆಯಲ್ಲಿ ಆ ದಿನಗಳು ಹೇಗಿರುತ್ತವೆ ಅಂತ ಚನ್ನಗಿರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಂಗಳದಲ್ಲಿ ಗೊನೆಗಳ ರಾಶಿ, ರಾತ್ರಿ ಹನ್ನೊಂದರ ತನಕ ಲೈಟ್ ಹಾಕಿಕೊಂಡು ಸುಲಿಯುವುದು, ಪಕ್ಕದಲ್ಲೇ ಹಂಡೆಯಲ್ಲಿ ಅಡಿಕೆ ಕುದಿಯುವುದು, ಹಸಿ ಸೌದೆಯ ಹೊಗೆ, ಚೊಗರಿನ ಹಬೆ. ಅಂಥ ಹೊತ್ತಿನಲ್ಲಿ ಕಣ್ಣಲ್ಲಿ ನೀರು ಬಂದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ? ಅಕ್ಕ ಸೆರಗಿನ ತುದಿಯಲ್ಲಿ ಒರೆಸಿಕೊಂಡಳು, ಮತ್ತೆ ಸುಲಿದಳು. ಕೊಯ್ಲು ಮುಗಿಯುತ್ತಾ ಬಂತು, ಹೊಗೆ ಆರಿತು, ನೀರು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಏಳುವಾಗ ಕಣ್ಣೊಳಗೆ ಮರಳು ಹಾಕಿದ ಹಾಗೆ. ಧಾರಾವಾಹಿ ನೋಡಲು ಕೂತರೆ ಹತ್ತು ನಿಮಿಷಕ್ಕೆ ಮಂಜು.

ಮೊದಲು ಔಷಧಿ ಮಾಡಿದವಳು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಹಿತ್ತಿಲಲ್ಲಿ ನಂದಿಬಟ್ಟಲು ಗಿಡವಿದೆ. ಅಮ್ಮ ಮಾಡುತ್ತಿದ್ದ ಹಾಗೆ ಹೂವನ್ನು ಕೈಯಲ್ಲಿ ಹಿಂಡಿ ಎರಡೆರಡು ಹನಿ ಬಿಟ್ಟೆ. ತಂಪಾಯ್ತು ಅಂದಳು. ಮೂರನೇ ದಿನಕ್ಕೆ ಕಣ್ಣು ಕೆಂಡದ ಹಾಗಾಯ್ತು. ಆಮೇಲೆ ಪೇಟೆಯ ಔಷಧಿ ಅಂಗಡಿಯವರೊಬ್ಬರು, ಚೀಟಿ ಗೀಟಿ ಏನೂ ಕೇಳದೆ, ಒಂದು ಸಣ್ಣ ಸೀಸೆ ಕೊಟ್ಟರು. ಅದನ್ನು ಹಾಕಿದ ಮಾರನೆಯ ದಿನ ಕೆಂಪು ಮಾಯ! ನಮಗೆ ಎಷ್ಟು ಸಂತೋಷ ಅಂತೀರಿ. ಒಂದು ಮುಗಿದ ಮೇಲೆ ಇನ್ನೊಂದು ತಂದು ಹಾಕಿಕೊಂಡಳು.

ಕೊನೆಗೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಆಕೆ ಆ ಸೀಸೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ಎಷ್ಟು ದಿನದಿಂದ ಹಾಕ್ತಿದ್ದೀರಮ್ಮಾ?" ಅಂತ ಕೇಳಿದರು. ಅದು ಸ್ಟೀರಾಯ್ಡ್ ಹನಿ. ಕೆಂಪನ್ನು ಅದು ಬೇಗ ಇಳಿಸುತ್ತದೆ, ನಿಜ. ಆದರೆ ವಾರಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು, ಸೋಂಕು ಇದ್ದರೆ ಒಳಗೊಳಗೇ ಬೆಳೆಯಬಹುದು. ಒತ್ತಡ ಏರಿ ಕಣ್ಣಿನ ನರ ಸತ್ತರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಅಕ್ಕನ ಒತ್ತಡ ಅಳೆದು ನೋಡಿದರು. ದೇವರ ದಯ, ಏರಿರಲಿಲ್ಲ. ನಂದಿಬಟ್ಟಲಿನ ಕಥೆ ಹೇಳಿದ್ದಕ್ಕೆ ಆಕೆ ನನ್ನನ್ನು ಬಯ್ಯಲಿಲ್ಲ, ಸುಮ್ಮನೆ ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ಪರೀಕ್ಷೆ ಮಾಡಿದರು. ಹಿಂದೆ ನಾವು ಶಾಲೆಯಲ್ಲಿ ಶಾಯಿ ಒತ್ತಲು ಬ್ಲಾಟಿಂಗ್ ಪೇಪರ್ ಇಟ್ಟುಕೊಳ್ಳುತ್ತಿದ್ದೆವಲ್ಲ, ಅಂಥದೇ ಕಾಗದದ ಸಣ್ಣ ಪಟ್ಟಿ. ಅದರ ತುದಿ ಬಗ್ಗಿಸಿ ಕೆಳ ರೆಪ್ಪೆಯೊಳಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಶಿರ್ಮರ್ ಎಂಬ ಜರ್ಮನಿಯ ವೈದ್ಯರು 1903ರಲ್ಲಿ ಕಂಡುಹಿಡಿದ ಪರೀಕ್ಷೆ, ಇವತ್ತಿಗೂ ಅದೇ ನಡೆಯುತ್ತಿದೆ. ಕಾಗದ ಹತ್ತು ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಚಿಂತೆಯಿಲ್ಲ, ಐದಕ್ಕಿಂತ ಕಡಿಮೆಯಾದರೆ ಕಣ್ಣೀರು ಸಾಲುತ್ತಿಲ್ಲ ಅಂತ ಅರ್ಥ. ಅಕ್ಕನದು ನಾಲ್ಕು.

"ನಿಮ್ಮ ಕಣ್ಣು ಒಣಗಿದೆಯಮ್ಮಾ" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದೂವರೆ ತಿಂಗಳಿನಿಂದ ಕೆರೆ ಕೋಡಿ ಬಿದ್ದ ಹಾಗೆ ನೀರು ಹರಿಯುತ್ತಿರುವ ಕಣ್ಣು ಒಣಗಿದೆಯಂತೆ!

ಆದರೆ ಕೇಳುತ್ತಾ ಹೋದ ಹಾಗೆ ಅರ್ಥವಾಯ್ತು. ಕಣ್ಣೀರು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಂಡಂತೆ ಕೆಳಗೆ ತೆಳುವಾದ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ಕೂದಲೆಳೆಗಿಂತ ತೆಳ್ಳಗೆ ಎಣ್ಣೆ. ಹೋದ ಸಲ ಬರೆದಿದ್ದೆನಲ್ಲ, ಉಪ್ಪಿನಕಾಯಿ ಜಾಡಿಯಲ್ಲಿ ಮೇಲೆ ಎಣ್ಣೆ ನಿಂತಿರಬೇಕು ಅಂತ? ಇಲ್ಲೂ ಹಾಗೆಯೇ. ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಿಂದ ಬರುವ ಆ ಎಣ್ಣೆಯಿದ್ದರೆ ಕೆಳಗಿನ ನೀರು ಆರುವುದಿಲ್ಲ. ಮೂರರಲ್ಲಿ ಒಂದು ಕೆಟ್ಟರೂ ಕಣ್ಣಿನ ಮೇಲ್ಮೈ ಅಲ್ಲಲ್ಲಿ ಒಣಗಿ ಉರಿಯುತ್ತದೆ. ಉರಿ ತಾಳಲಾರದೆ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ, ಈರುಳ್ಳಿ ಹೆಚ್ಚುವಾಗ ಬರುತ್ತದಲ್ಲ ಅಂಥ ನೀರು. ಅದು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ನೀವೂ ಗಮನಿಸಿ ನೋಡಿ, ನಿಮ್ಮ ಬೀದಿಯಲ್ಲೂ ಇಂಥ "ನೀರುಗಣ್ಣಿನ" ಅತ್ತೆಯೋ ಅಜ್ಜಿಯೋ ಒಬ್ಬರು ಇದ್ದೇ ಇರುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಇದು ಯಾಕೆ ಹೆಚ್ಚು? ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೇಲೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ಹಾಗಾಗಿ ಇದು ಒಬ್ಬ ಅಕ್ಕನ ಕಥೆಯಲ್ಲ. ಸಕ್ಕರೆ ಬಹಳ ವರ್ಷ ಏರಿಯೇ ಇದ್ದರೆ ಸಣ್ಣ ನರಗಳು ಸೊರಗುತ್ತವೆ. ಪಾದ ಜೋಮು ಹಿಡಿದು, ಮುಳ್ಳು ಚುಚ್ಚಿದರೂ ತಿಳಿಯದೆ ಹುಣ್ಣಾಗುವುದು ನಮಗೆಲ್ಲ ಗೊತ್ತು. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಕಾರ್ನಿಯಾದಲ್ಲೂ ಅಂಥ ನರಗಳೇ ತುಂಬಿವೆ. ಅವು ಜೋಮು ಹಿಡಿದರೆ "ಒಣಗುತ್ತಿದ್ದೇನೆ, ನೀರು ಬಿಡು" ಎಂಬ ಸುದ್ದಿ ಗ್ರಂಥಿಗೆ ಮುಟ್ಟುವುದಿಲ್ಲ. ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಗ್ರಂಥಿಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕೆಡುತ್ತವೆ. ಇದರಲ್ಲಿ ನನಗೆ ಹೆದರಿಕೆಯಾದ ಮಾತು ಯಾವುದು ಅಂದರೆ, ಕೆಲವರಿಗೆ ಉರಿಯೇ ಗೊತ್ತಾಗುವುದಿಲ್ಲವಂತೆ. ಕಾರ್ನಿಯಾ ಗೀರು ಗೀರಾಗಿದ್ದರೂ "ನನಗೇನೂ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಅಕ್ಕನಿಗೆ ಉರಿ ಇದ್ದದ್ದೇ ಒಂದು ಪುಣ್ಯ.

ಇಷ್ಟೆಲ್ಲ ಆದ ಮೇಲೆ ಡಾಕ್ಟರು, "ಬೇರೆ ಏನೇನು ಔಷಧಿ ತಗೋತೀರಿ?" ಅಂತ ಕೇಳಿದರು. ಅಕ್ಕ ಬೆರಳು ಮಡಚಿ ಎಣಿಸಿದಳು. ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು, ಪಾದದ ಉರಿಗೆ ರಾತ್ರಿ ಒಂದು. ಅಷ್ಟೇ ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ, ಭದ್ರಾವತಿ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡೇ ಅಂದಳು, "ಇನ್ನೊಂದು ಇದೆ ಕಣೇ. ಹೇಳ್ಲಿಲ್ಲ."

ವಾರಕ್ಕೊಂದು ಸೂಜಿ. ಜೂನ್ ತಿಂಗಳಿಂದ. ಬೆಂಗಳೂರಿನಲ್ಲಿರುವ ಮಗ ಕರೆದುಕೊಂಡು ಹೋಗಿ ತೋರಿಸಿದಾಗ ಅಲ್ಲಿನ ಸಕ್ಕರೆ ಡಾಕ್ಟರು ಬರೆದುಕೊಟ್ಟದ್ದು. ಸಕ್ಕರೆಯೂ ಇಳಿಯುತ್ತೆ, ತೂಕವೂ ಇಳಿಯುತ್ತೆ ಅಂದಿದ್ದರಂತೆ. ಎಂಬತ್ತನಾಲ್ಕು ಕಿಲೋ ಇದ್ದವಳು ಎಪ್ಪತ್ತೈದಕ್ಕೆ ಬಂದಿದ್ದಳು. ನಾವೆಲ್ಲ ತೋಟದ ಕೆಲಸಕ್ಕೆ ಇಳಿದುಹೋಗಿದ್ದಾಳೆ ಅಂದುಕೊಂಡಿದ್ದೆವು! ಫ್ರಿಜ್ಜಿನಲ್ಲಿ ಹೂವಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ಯಾಕೆ ಅಂತ ಕೇಳಿದರೆ, "ಅತ್ತೆಗೆ ಗೊತ್ತಾದ್ರೆ ಏನಂತಾರೆ? ಮೊಮ್ಮಕ್ಕಳಾಗೋ ವಯಸ್ಸಲ್ಲಿ ತೆಳ್ಳಗಾಗೋಕೆ ಇಂಜೆಕ್ಷನ್ ಹಾಕಿಸ್ಕೊಳ್ತಾಳೆ ಅಂತ ಊರೆಲ್ಲ ನಗಲ್ವಾ?" ಅಂದಳು.

ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಆ ಸೂಜಿಯಿಂದಲೇ ಕಣ್ಣು ಒಣಗುತ್ತದೆ ಅಂತ ಯಾರೋ ಮೊಬೈಲಿನಲ್ಲಿ ನೋಡಿ ಹೇಳಿದ್ದರಂತೆ. ಇವಳು ಯಾರಿಗೂ ಹೇಳದೆ ನಾಲ್ಕು ವಾರದಿಂದ ಅದನ್ನು ಬಿಟ್ಟೇಬಿಟ್ಟಿದ್ದಳು. ಮನೆಗೆ ಬಂದು ಮಾರನೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದೆವು. 130ರ ಆಸುಪಾಸಿನಲ್ಲಿ ಇರುತ್ತಿದ್ದ ಸಕ್ಕರೆ 212. ಕಣ್ಣು ಉಳಿಸಿಕೊಳ್ಳಲು ಹೋಗಿ, ಕಣ್ಣು ಕೆಡಿಸುವ ಮುಖ್ಯ ಕಾರಣವನ್ನೇ ಮನೆಯೊಳಗೆ ಕರೆದು ಕೂರಿಸಿದ ಹಾಗಾಗಿತ್ತು.

ಮುಂದಿನ ವಾರ ಮತ್ತೆ ಹೋದೆವು. ಈ ಸಲ ಬಾಯಿಲೆಕ್ಕ ಬೇಡ ಅಂತ ಮನೆಯಲ್ಲಿದ್ದ ಮಾತ್ರೆ, ಸೀಸೆ, ಸೂಜಿಯ ಪೆಟ್ಟಿಗೆ, ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಡಾಕ್ಟರು ನಕ್ಕರು. ಆದರೆ ಆ ದಿನ ಅವರು ಹೇಳಿದ್ದು ನನಗೆ ಹತ್ತು ವರ್ಷದ ಪತ್ರಿಕೆ ಓದಿದಷ್ಟಾಯ್ತು.

ಈ ಸೂಜಿಯ ಹುಟ್ಟು ಸ್ವಾರಸ್ಯವಾಗಿದೆ, ಸ್ವಲ್ಪ ಕೇಳಿ. ನಾವು ಊಟ ಮಾಡಿದಾಗ ನಮ್ಮ ಕರುಳೇ ಒಂದು ಹಾರ್ಮೋನು ಬಿಡುತ್ತದೆ. ಜಿಎಲ್‌ಪಿ-1 ಅಂತ ಹೆಸರು. ಅದು ಇನ್ಸುಲಿನ್ ಬಿಡಲು ಹೇಳುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಮಿದುಳಿಗೆ "ಸಾಕು" ಅನ್ನುತ್ತದೆ. ಆದರೆ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅಮೆರಿಕದ ಮರುಭೂಮಿಯಲ್ಲಿ ನಮ್ಮ ಉಡದ ಹಾಗೆ ಕಾಣುವ, ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯೊಂದಿದೆ. ಅದರ ಜೊಲ್ಲಿನಲ್ಲಿ ಇದೇ ಕೆಲಸ ಮಾಡುವ, ಆದರೆ ಬೇಗ ಕರಗದ ವಸ್ತು ಸಿಕ್ಕಿತು. ಅದರಿಂದ ಮೊದಲ ಔಷಧಿ 2005ರಲ್ಲಿ ಬಂತು. ಅದೇ ದಾರಿಯಲ್ಲಿ ಮುಂದೆ ಬಂದವು ಸೆಮಾಗ್ಲುಟೈಡ್, ಟಿರ್ಜೆಪಟೈಡ್. (ಈಗಿನವಕ್ಕೆ ಹಲ್ಲಿಯ ಜೊಲ್ಲು ಹಾಕುವುದಿಲ್ಲ, ಹೇಸಿಕೊಳ್ಳಬೇಡಿ.) ನಮ್ಮ ದೇಶಕ್ಕೆ ಸೆಮಾಗ್ಲುಟೈಡ್ ಮಾತ್ರೆ ರೈಬೆಲ್ಸಸ್ ಎಂಬ ಹೆಸರಲ್ಲಿ 2022ರಲ್ಲಿ ಬಂತು. ಟಿರ್ಜೆಪಟೈಡ್ ಸೂಜಿ ಮೌಂಜಾರೋ 2025ರ ಮಾರ್ಚಿನಲ್ಲಿ, ತೂಕ ಇಳಿಸಲೆಂದೇ ಇರುವ ವಿಗೋವಿ ಜೂನಿನಲ್ಲಿ, ಓಜೆಂಪಿಕ್ ಡಿಸೆಂಬರಿನಲ್ಲಿ. ಮೌಂಜಾರೋ ಬಂದ ಹೊಸತರಲ್ಲಿ ಒಂದು ವಾರದ ಒಂದು ಸೀಸೆಗೇ 3,500 ರೂಪಾಯಿಯಿಂದ ಮೇಲೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಹೂವಿನ ಡಬ್ಬಿ ಹಿಂದೆ ಬಚ್ಚಿಟ್ಟ ಅಕ್ಕನಿಗೆ ಏನು ಹೇಳೋಣ!

ಹಾಗಾದರೆ ಸೂಜಿಯಿಂದ ಕಣ್ಣು ಒಣಗುತ್ತದೆಯೇ? "ಸೂಜಿ ನೇರವಾಗಿ ಕಣ್ಣೀರನ್ನು ಬತ್ತಿಸುತ್ತೆ ಅಂತ ಯಾರೂ ಸಾಬೀತು ಮಾಡಿಲ್ಲ" ಅಂದರು ಡಾಕ್ಟರು. ತೈವಾನಿನ ವೈದ್ಯರು 2022ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳಿವೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಅವನ್ನು ತೆಗೆದುಕೊಂಡವರಲ್ಲಿ, ಈ ಸೂಜಿಯ ಜಾತಿಯ ಔಷಧಿ ತೆಗೆದುಕೊಂಡವರಿಗಿಂತ ಒಣಗಣ್ಣು ಕಡಿಮೆ ಕಂಡಿತು. ಮೊಬೈಲಿನವರು ಇದನ್ನೇ ತಿರುಗಿಸಿ "ಸೂಜಿ ಕಣ್ಣು ಒಣಗಿಸುತ್ತೆ" ಅಂತ ಮಾಡಿರಬೇಕು. ಇಬ್ಬರು ಸೊಸೆಯರಲ್ಲಿ ದೊಡ್ಡವಳು ಹೆಚ್ಚು ಕೆಲಸ ಮಾಡುತ್ತಾಳೆ ಅಂದ ಮಾತ್ರಕ್ಕೆ ಚಿಕ್ಕವಳು ಮನೆ ಹಾಳು ಮಾಡುತ್ತಾಳೆ ಅಂತ ಆಗುತ್ತದೆಯೇ? ಆ ಮಾತ್ರೆ ಕಣ್ಣಿಗೆ ಸ್ವಲ್ಪ ಅನುಕೂಲ ಮಾಡಿರಬಹುದು, ಸೂಜಿ ಏನೂ ಮಾಡದೆ ಇದ್ದಿರಬಹುದು. (ಆ ಮಾತ್ರೆಯವರಿಗೂ ಒಂದು ಮಾತು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಹೆಂಗಸರಿಗೆ ಕೆಳಗೆ ತುರಿಕೆ, ಬಿಳಿ ಹೋಗುವುದು ಆಗಬಹುದು. ನಾಚಿಕೆಪಟ್ಟು ಸುಮ್ಮನಿರಬೇಡಿ, ಸುಲಭದ ಔಷಧಿ ಇದೆ.)

ಆದರೆ ಸೂಜಿ ಸುತ್ತಿ ಬಳಸಿ ಕಣ್ಣಿಗೆ ಬರುವ ದಾರಿಗಳಿವೆ. ಡಾಕ್ಟರು ಅಕ್ಕನನ್ನು ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಅಕ್ಕ ಯೋಚಿಸಿದಳು. ಹಸಿವಿನ ಜೊತೆ ಬಾಯಾರಿಕೆಯೂ ಹೋಗಿತ್ತು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ. ಸೂಜಿ ಚುಚ್ಚಿದ ಎರಡು ದಿನ ಹೊಟ್ಟೆ ತೊಳಸಿ ವಾಂತಿ ಬೇರೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಎದ್ದು ಹೋಗುವುದು ಬೇಡ ಅಂತ ಇದ್ದದ್ದನ್ನೂ ಕುಡಿಯುತ್ತಿರಲಿಲ್ಲ. ಮೈಯಲ್ಲೇ ನೀರಿಲ್ಲದಿದ್ದರೆ ಕಣ್ಣಿಗೆ ಎಲ್ಲಿಂದ ಬರಬೇಕು? ಊಟವೂ ಅಷ್ಟೇ, ಒಂದು ಮುದ್ದೆ ಉಣ್ಣುತ್ತಿದ್ದವಳು ಕಾಲು ಮುದ್ದೆಗೆ ಇಳಿದು, ಸೊಪ್ಪು ಕಾಳು ಬಿಟ್ಟು ಮಜ್ಜಿಗೆ ಅನ್ನದಲ್ಲಿ ಮುಗಿಸುತ್ತಿದ್ದಳು. ಹೊಟ್ಟೆ ಹಿಡಿಯುವುದೇ ಸ್ವಲ್ಪ ಅಂದಾಗ ಆ ಸ್ವಲ್ಪದಲ್ಲಿ ಬೇಳೆ, ಕಾಳು, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಮೊದಲು ಹೋಗಬೇಕು, ಅನ್ನ ಆಮೇಲೆ. ಎ ಜೀವಸತ್ವ ಬಹಳ ಕಡಿಮೆಯಾದರೆ ಕಣ್ಣು ಒಣಗುವುದು, ಇರುಳುಗಣ್ಣು ಬರುವುದು ಹಳೆಯ ಸಂಗತಿ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ತೂಕ ಇಳಿಸಿದವರಲ್ಲಿ ಇದು ಕಂಡಿರುವುದುಂಟು.

ಇನ್ನು ಕಣ್ಣು ಒಣಗುವುದಕ್ಕಿಂತ ಗಂಭೀರವಾದ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಬಹಳ ದಿನ ಏರಿದ್ದ ಸಕ್ಕರೆ ಯಾವ ಔಷಧಿಯಿಂದಲೇ ಆಗಲಿ ಗಬಕ್ಕನೆ ಇಳಿದರೆ, ಕಣ್ಣಿನ ಹಿಂದಿನ ಪರದೆಯಲ್ಲಿ ಮೊದಲೇ ಇದ್ದ ಸಕ್ಕರೆಯ ತೊಂದರೆ ಕೆಲವರಲ್ಲಿ ಸ್ವಲ್ಪ ಕಾಲ ಹೆಚ್ಚಾಗಬಹುದು. ಇನ್ಸುಲಿನ್‌ನಲ್ಲೂ ಇದು ಕಂಡಿದ್ದೇ. ಸೆಮಾಗ್ಲುಟೈಡ್ ಕುರಿತು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಸೂಜಿ ಪಡೆದವರಲ್ಲಿ ನೂರಕ್ಕೆ 3 ಮಂದಿಗೆ ಇಂಥ ತೊಡಕು ಬಂತು, ಖಾಲಿ ಸೂಜಿ ಪಡೆದವರಲ್ಲಿ 1.8. ಅದಕ್ಕೇ ಸೂಜಿ ಶುರು ಮಾಡುವ ಮೊದಲು, ಶುರುವಾದ ಕೆಲವು ತಿಂಗಳ ಮೇಲೆ, ಪಾಪೆ ದೊಡ್ಡದು ಮಾಡುವ ಹನಿ ಹಾಕಿಸಿಕೊಂಡು ಪರದೆ ತೋರಿಸಬೇಕು. ಅಕ್ಕ ಹನ್ನೊಂದು ವರ್ಷದಲ್ಲಿ ಒಂದು ಸಲವೂ ತೋರಿಸಿರಲಿಲ್ಲ! ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದ್ದನ್ನೇ ಕಣ್ಣಿನ ಪರೀಕ್ಷೆ ಅಂದುಕೊಂಡಿದ್ದಳು. ಈ ಹನಿ ಹಾಕಿಸಿಕೊಂಡರೆ ಮೂರು ನಾಲ್ಕು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಬಸ್ಸಿನ ಬೋರ್ಡು ಓದಲಾಗುವುದಿಲ್ಲ.

ಇನ್ನೊಂದು ಬಹಳ ಅಪರೂಪದ್ದು. ಸೆಮಾಗ್ಲುಟೈಡ್ ತೆಗೆದುಕೊಳ್ಳುವ ಹತ್ತು ಸಾವಿರದಲ್ಲಿ ಒಬ್ಬರವರೆಗೆ, ಕಣ್ಣಿನ ನರಕ್ಕೆ ರಕ್ತ ನಿಂತು ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದ ಹಾಗೆ ಹೋಗಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2025ರ ಜೂನಿನಲ್ಲಿ ಎಚ್ಚರಿಸಿತು. ಹೆದರಿ ಔಷಧಿ ಎಸೆಯಬೇಕಾಗಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಕತ್ತಲೆಯಾದರೆ, ಪರದೆ ಬಿದ್ದ ಹಾಗಾದರೆ, ಕಪ್ಪು ಚುಕ್ಕೆಗಳು ಸುರಿದರೆ, ತೀರಾ ನೋವು ಬಂದರೆ, ಅವತ್ತೇ ಹೊರಡಿ. ಹಬ್ಬ ಕಳೆಯಲಿ, ಮಗ ಬರಲಿ ಅಂತ ಕಾಯಬೇಡಿ.

ಸಕ್ಕರೆ ಏರಿಳಿಯುವಾಗ ಕಣ್ಣೊಳಗಿನ ಮಸೂರವೂ ಉಬ್ಬಿ ಇಳಿಯುತ್ತದೆ, ಕನ್ನಡಕದ ನಂಬರು ದಿಕ್ಕುಗೆಡುತ್ತದೆ. ಅಕ್ಕ ಅಕ್ಟೋಬರಿನಲ್ಲಿ ಹೊಸ ಕನ್ನಡಕಕ್ಕೆ ಕೊಟ್ಟ ಎರಡು ಸಾವಿರ ದಂಡ. ಸಕ್ಕರೆ ಕೆಲವು ವಾರ ಒಂದೇ ಸಮ ನಿಂತ ಮೇಲೆ ನಂಬರು ನೋಡಿಸಬೇಕಂತೆ.

ಕೈಚೀಲದಿಂದ ಇನ್ನೂ ಇಬ್ಬರು ಕಳ್ಳರು ಸಿಕ್ಕಿದರು. ಪಾದದ ಉರಿಗೆ ರಾತ್ರಿ ತಿನ್ನುತ್ತಿದ್ದ ಮಾತ್ರೆ ಅಮಿಟ್ರಿಪ್ಟಿಲಿನ್. ಉರಿಗೆ ಒಳ್ಳೆಯದೇ, ಆದರೆ ಬಾಯಿ ಒಣಗಿಸುತ್ತದೆ, ಕಣ್ಣನ್ನೂ ಒಣಗಿಸುತ್ತದೆ. ಇನ್ನೊಂದು, ಅಡಿಕೆ ಧೂಳಿಗೆ ಸೀನು ಬರುತ್ತದೆ ಅಂತ ತಾನೇ ತಂದು ದಿನಾ ನುಂಗುತ್ತಿದ್ದ ಸೆಟಿರಿಜಿನ್. ಶೀತ ಸೀನಿನ ಆ ಜಾತಿಯ ಮಾತ್ರೆಗಳೂ ಹಾಗೆಯೇ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೂ ಇದೇ ಮಾತು. ಇದರ ಮೇಲೆ ಮುಟ್ಟು ನಿಂತ ವಯಸ್ಸು. ಆಗ ಹೆಂಗಸರಿಗೆ ಕಣ್ಣೀರು ತಾನಾಗಿಯೇ ತಗ್ಗುತ್ತದೆ. ಸೂಜಿ ಒಂದರ ಮೇಲೆ ಹೊರಿಸಿದ್ದ ಅಪರಾಧದಲ್ಲಿ ಇಷ್ಟು ಜನರ ಕೈ ಇತ್ತು ನೋಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಿಗೆ ಬಿ-12 ಜೀವಸತ್ವ ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಿಗೆ ಇನ್ನೂ ಬೇಗ. ಅದು ಕಡಿಮೆಯಾದರೂ ನರಗಳು ಉರಿಯುತ್ತವೆ. ಅಕ್ಕನ ರಕ್ತ ನೋಡಿದಾಗ ಅದೂ ಕಡಿಮೆಯೇ ಇತ್ತು.

ಡಾಕ್ಟರು ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಲಿಲ್ಲ. ಒಂದು ಚೀಟಿ ಬರೆದು, ಸಕ್ಕರೆ ಡಾಕ್ಟರಿಗೆ ತೋರಿಸಿ ಅಂದರು. ಮಗ ಅಲ್ಲಿ ತೋರಿಸಿದ. ಸೀನಿನ ಮಾತ್ರೆ ಬಿಟ್ಟಾಯ್ತು, ಉರಿಯ ಮಾತ್ರೆ ಬದಲಾಯ್ತು, ಬಿ-12 ಶುರುವಾಯ್ತು. ಸೂಜಿ ಮತ್ತೆ ಬಂತು, ಆದರೆ ನಾಲ್ಕು ವಾರ ತಪ್ಪಿದ್ದರಿಂದ ನಿಂತಲ್ಲಿಂದ ಮುಂದುವರಿಸಲಿಲ್ಲ. ಮೊದಲಿನ ಕಡಿಮೆ ಪ್ರಮಾಣದಿಂದಲೇ. ಬಿಟ್ಟು ಬಿಟ್ಟು ತಾವೇ ದೊಡ್ಡ ಪ್ರಮಾಣ ಚುಚ್ಚಿಕೊಂಡರೆ ವಾಂತಿ ಹಿಡಿದು ಆಸ್ಪತ್ರೆ ಸೇರಬೇಕಾದೀತು.

ಕಣ್ಣಿಗೆ ಕೊಟ್ಟದ್ದು ಕಣ್ಣೀರಿನಂಥದೇ ಹನಿ, ಕೆಡದಂತೆ ಹಾಕುವ ರಾಸಾಯನಿಕ ಇಲ್ಲದ್ದು, ದಿನಕ್ಕೆ ನಾಲ್ಕು ಸಲ. ಸೀಸೆಯ ಮೂತಿ ರೆಪ್ಪೆಗೆ ತಾಗಬಾರದು. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದಿಟ್ಟು, ಅದರ ಚೀಟಿಯಲ್ಲಿ ಹೇಳಿದಷ್ಟು ದಿನವಾದ ಮೇಲೆ ಎಸೆಯಬೇಕು, ಮಿಕ್ಕಿದೆ ಅಂತ ಪಕ್ಕದ ಮನೆಗೆ ಕೊಡುವುದಲ್ಲ. ಬೆಳಿಗ್ಗೆ ಸಂಜೆ ಶುದ್ಧವಾದ ಹತ್ತಿಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದಾರು ನಿಮಿಷ. ಕೈಮಗುವಿಗೆ ಸ್ನಾನದ ನೀರು ನೋಡುವ ಹಾಗೆ ಮೊದಲು ಮುಂಗೈಗೆ ತಾಗಿಸಿ ನೋಡಿ. ಸಕ್ಕರೆಯವರಿಗೆ ಬಿಸಿ ತಿಳಿಯದೆ ಸುಟ್ಟೀತು. ಆ ಬಿಸಿಗೆ ರೆಪ್ಪೆಯಂಚಿನ ಗಟ್ಟಿ ಎಣ್ಣೆ ತುಪ್ಪ ಕರಗಿದ ಹಾಗೆ ಕರಗಿ ಹೊರಬರುತ್ತದೆ. ಮಲಗುವಾಗ ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳದಂತೆ ಮಂಚ ತಿರುಗಿಸಿದೆವು. ಕಣ್ಣಿಟ್ಟು ಕೆಲಸ ಮಾಡುವಾಗ, ಅಡಿಕೆ ಸುಲಿಯುವುದಿರಲಿ, ಅಕ್ಕಿ ಆರಿಸುವುದಿರಲಿ, ಮೊಬೈಲಿರಲಿ, ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ನಾನು ಅಕ್ಕನ ಪಕ್ಕ ಕೂತಾಗ "ರೆಪ್ಪೆ!" ಅಂತ ಕೂಗುತ್ತಿದ್ದೆ, ಕೂಲಿಯವರಿಗೆಲ್ಲ ನಗು.

ನೀರಿಗೆ ಒಂದು ಉಪಾಯ ಮಾಡಿದೆ. ಎರಡು ಲೀಟರಿನ ತಾಮ್ರದ ಬಿಂದಿಗೆ ಅವಳದೇ ಅಂತ ಪ್ರತ್ಯೇಕ ಇಟ್ಟೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಖಾಲಿಯಾಗಿರಬೇಕು. (ಮೂತ್ರಪಿಂಡದ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೀಗೆ ಮಾಡಬೇಡಿ.)

ಊಟದ ವಿಷಯಕ್ಕೆ ಬಂದರೆ, ಅಗಸೆ ಚಟ್ನಿಪುಡಿ ಕಣ್ಣಿಗೆ ರಾಮಬಾಣ ಅಂತ ನಾನೂ ಹಿಂದೆ ಹೇಳಿಕೊಂಡು ತಿರುಗಿದವಳೇ. ಇದೇ ಗುಣಕ್ಕಾಗಿ ಕೊಡುವ ಮೀನೆಣ್ಣೆ ಗುಳಿಗೆಯನ್ನು ಅಮೆರಿಕದಲ್ಲಿ ಒಣಗಣ್ಣಿನವರಿಗೆ ಒಂದು ವರ್ಷ ಕೊಟ್ಟು ನೋಡಿದರೆ, ಸುಮ್ಮನೆ ಆಲಿವ್ ಎಣ್ಣೆ ಕುಡಿದವರಿಗಿಂತ ಹೆಚ್ಚೇನೂ ಗುಣವಾಗಲಿಲ್ಲ ಅಂತ 2018ರಲ್ಲಿ ಪ್ರಕಟವಾಯ್ತು. ರೊಟ್ಟಿಗೆ ಅಗಸೆ ಚಟ್ನಿ ಹಾಕಿಕೊಳ್ಳಿ, ರುಚಿಗೆ ಅದರ ಮುಂದೆ ಇನ್ನೊಂದಿಲ್ಲ. ಕಣ್ಣಿನ ಹನಿ ಬಿಟ್ಟು ಅದನ್ನು ನೆಚ್ಚಬೇಡಿ.

ಹೊನಗೊನ್ನೆ ಸೊಪ್ಪನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಗದ್ದೆ ಬದುವಿನಲ್ಲಿ, ತೋಟದ ಕಾಲುವೆ ಪಕ್ಕ ಬೇಕಾದಷ್ಟು ಬೆಳೆಯುತ್ತದೆ. ಔಷಧಿ ಹೊಡೆದ ಜಾಗದ್ದು ಬೇಡ. ಎರಡು ಹಿಡಿ ಎಲೆ ಬಿಡಿಸಿ ಮೂರು ನೀರಲ್ಲಿ ತೊಳೆದು ಸಣ್ಣಗೆ ಹೆಚ್ಚಿ. ಅರ್ಧ ಬಟ್ಟಲು ಹೆಸರುಬೇಳೆ ಹೂವಿನಂತೆ ಬೇಯಿಸಿಕೊಳ್ಳಿ, ಮುದ್ದೆಯಾಗಬಾರದು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ, ಒಂದು ಈರುಳ್ಳಿ ಬಾಡಿಸಿ ಸೊಪ್ಪು ಹಾಕಿ. ಮುಚ್ಚಳ ಬೇಡ, ಐದು ನಿಮಿಷಕ್ಕೆ ಕುಗ್ಗುತ್ತದೆ. ಬೇಳೆ, ಉಪ್ಪು, ಒಂದು ಹಿಡಿ ಕಾಯಿತುರಿ ಸೇರಿಸಿ ಇಳಿಸಿ. ಎಣ್ಣೆಗೆ ಜಿಪುಣತನ ಮಾಡಬೇಡಿ. ಸೊಪ್ಪಿನಲ್ಲಿರುವ, ಮೈಯೊಳಗೆ ಹೋಗಿ ಎ ಜೀವಸತ್ವವಾಗುವ ಅಂಶ ಜಿಡ್ಡಿಲ್ಲದೆ ಹತ್ತುವುದಿಲ್ಲ. ಅಕ್ಕನ ಕಾಲು ಮುದ್ದೆಯ ಜೊತೆ ಈಗ ಇದು ಒಂದು ಬಟ್ಟಲು.

ನಮ್ಮ ಅಮ್ಮನ ಕಾಲಕ್ಕೆ ಕಣ್ಣಿನ ಕಾಯಿಲೆ ಅಂದರೆ ಪೊರೆ ಒಂದೇ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ಹಾಕಿ, ಸಾಲಾಗಿ ಮಲಗಿಸಿ ಪೊರೆ ತೆಗೆದು ಬೆಳಕು ಕೊಡುತ್ತಿದ್ದ ಕಥೆಯನ್ನು ಅಮ್ಮ ದೇವರ ಕಥೆಯ ಹಾಗೆ ಹೇಳುತ್ತಿದ್ದರು. 2005ರಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ ಅವತ್ತು ಅಮ್ಮ ಊಟ ಮಾಡಿರಲಿಲ್ಲ. ಪೊರೆಯಾದರೆ ಒಂದು ಸಲ ತೆಗೆದರೆ ಮುಗಿಯಿತು. ಈ ಒಣಗಣ್ಣು ಹಾಗಲ್ಲ, ಸಕ್ಕರೆಯ ಹಾಗೆ ದಿನಾ ನೋಡಿಕೊಳ್ಳಬೇಕಾದ ನೆಂಟ.

ಫೆಬ್ರವರಿಯಲ್ಲಿ ಮತ್ತೆ ಕಾಗದದ ಪಟ್ಟಿ ಇಟ್ಟರು. ಬಲಗಣ್ಣು ಎಂಟು, ಎಡಗಣ್ಣು ಏಳು. ಪರದೆಯಲ್ಲಿ ಸಕ್ಕರೆಯ ಸಣ್ಣ ಗುರುತುಗಳು ಕಂಡಿವೆ, ಈಗ ಚಿಕಿತ್ಸೆ ಬೇಡ, ಆರು ತಿಂಗಳಿಗೆ ಬನ್ನಿ ಅಂದಿದ್ದಾರೆ. ಬರಿಹೊಟ್ಟೆಯ ಸಕ್ಕರೆ ಮೊನ್ನೆ 138.

ಸೂಜಿಯ ಗುಟ್ಟು ಅತ್ತೆಗೆ ಗೊತ್ತಾಯ್ತೇ ಅಂತ ಕೇಳುತ್ತೀರಿ. ಗೊತ್ತಾಯ್ತು. ಹೂವಿನ ಡಬ್ಬಿ ತೆಗೆಯಲು ಹೋದವರ ಕೈಗೇ ಪೆಟ್ಟಿಗೆ ಸಿಕ್ಕಿತು. ಅಕ್ಕ ನಡುಗುತ್ತಾ ಎಲ್ಲವನ್ನೂ ಒಪ್ಪಿಸಿದಳು. ಅತ್ತೆ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮುಂದಿನ ಸಲ ಹೋದಾಗ ಕೇಳ್ಕೊಂಡು ಬಾ. ಇದು ನನ್ನ ಮಂಡಿನೋವಿಗೂ ಆಗುತ್ತೇನು?" ಅಂದರಂತೆ.

ಹಪ್ಪಳಕ್ಕೆ ಉದ್ದಿನಬೇಳೆ ಒಣಗಿಸಿಟ್ಟಿದ್ದೇನೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.